ಕಸ್ಟಡಿ ಕೇಸಿನಲ್ಲಿ ಮಗುವಿಗೆ ಪೆಟ್ಟಾಗದಂತೆ ನೋಡಿಕೊಳ್ಳುವುದು ಹೇಗೆ? ಹಂತ ಹಂತವಾಗಿ

"ಅಕ್ಕ, ಮಗುಗೆ ಇನ್ನೂ ಐದು ವರ್ಷ ಆಗಿಲ್ಲ, ನನಗೇ ಸಿಗುತ್ತಲ್ವಾ?" "ಅವರು ಹೊಡೀತಾರೆ, ಆದ್ರೂ ಭಾನುವಾರ ಕಳಿಸಲೇಬೇಕಾ?" "ಮೊಮ್ಮಗನ್ನ ನಾವು ಅಜ್ಜ ಅಜ್ಜಿ ಕೇಳಬಹುದಾ?" ಕಾನೂನು ಸೇವೆಗಳ ಕೆಲಸಕ್ಕೆ ಸ್ವಯಂಸೇವಕಿಯಾಗಿ ಹೋಗಲು ಶುರು ಮಾಡಿದಾಗಿನಿಂದ ಈ ಮೂರು ಪ್ರಶ್ನೆ ಕೇಳದ ವಾರವೇ ಇಲ್ಲ. ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಒಂದೇ ಕಡೆ ಪೂರ್ತಿ ಬರೆದಿದ್ದೇನೆ. ಇದು ವಕೀಲರ ಸಲಹೆಗೆ ಬದಲಿ ಅಲ್ಲ. ವಕೀಲರ ಹತ್ತಿರ ಹೋಗುವ ಮೊದಲು ನಿಮ್ಮ ಕೈಯಲ್ಲಿ ಏನಿರಬೇಕು, ಹೋದ ಮೇಲೆ ಏನು ಕೇಳಬೇಕು ಎನ್ನುವುದಕ್ಕೆ ಇದು.

ಮೊದಲೇ ಒಂದು ಮಾತು. ನಾನು ನೋಡುವ ಎಷ್ಟೋ ಅರ್ಜಿಗಳು ಹನ್ನೆರಡು ಹದಿನಾಲ್ಕು ಪುಟ ಇರುತ್ತವೆ. ಮದುವೆಗೆ ಎಷ್ಟು ಖರ್ಚಾಯಿತು, ಅತ್ತೆ ಏನಂದರು, ಯಾರ ಫೋನಿನಲ್ಲಿ ಯಾರ ಮೆಸೇಜ್ ಸಿಕ್ಕಿತು, ಎಲ್ಲ ಇರುತ್ತದೆ. ಮಗುವಿನ ಬಗ್ಗೆ ಕೊನೆಯಲ್ಲಿ ಮೂರು ಸಾಲು. ಆದರೆ ಕಸ್ಟಡಿ ವಿಷಯದಲ್ಲಿ ನ್ಯಾಯಾಧೀಶರು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಮಗುವಿಗೆ ಎಲ್ಲಿ ಒಳ್ಳೆಯದು, ಎಲ್ಲಿ ಅಪಾಯ? ಆ ಮೂರು ಸಾಲು ಐದು ಪುಟ ಆಗಬೇಕು. ಕೆಳಗಿನ ಎಲ್ಲ ಹಂತಗಳೂ ಅದಕ್ಕಾಗಿಯೇ.

ಮೊದಲು ಕೆಲವು ಪದಗಳು

ಕಸ್ಟಡಿ ಅಂದರೆ ಮಗು ದಿನನಿತ್ಯ ಯಾರ ಜೊತೆ ಇರುತ್ತದೆ ಎನ್ನುವುದು. ಪತ್ರಿಕೆಗಳಲ್ಲಿ 'ಸುಪರ್ದಿ' ಎಂದು ಬರೆಯುತ್ತಾರೆ. ಗಾರ್ಡಿಯನ್ ಅಂದರೆ ಮಗುವಿನ ಪರವಾಗಿ ಕಾನೂನಿನಲ್ಲಿ ತೀರ್ಮಾನ ತೆಗೆದುಕೊಳ್ಳುವವರು. ಎರಡೂ ಒಂದೇ ಅಲ್ಲ, ಅಪ್ಪ ಗಾರ್ಡಿಯನ್ ಆಗಿದ್ದು ಕಸ್ಟಡಿ ಅಮ್ಮನಿಗೆ ಇರಬಹುದು. ವಿಸಿಟೇಶನ್ ಅಂದರೆ ಕಸ್ಟಡಿ ಇಲ್ಲದವರು ಮಗುವನ್ನು ಭೇಟಿ ಮಾಡುವ ಏರ್ಪಾಟು. ಐಎ ಅಂದರೆ ಮುಖ್ಯ ಕೇಸು ಮುಗಿಯುವ ಮೊದಲೇ ತುರ್ತಾಗಿ ಏನಾದರೂ ಬೇಕಾದಾಗ ಹಾಕುವ ಮಧ್ಯಂತರ ಅರ್ಜಿ. ಕೇಸು ವರ್ಷಗಟ್ಟಲೆ ನಡೆಯಬಹುದು, ಹಾಗಾಗಿ ನಿಜವಾಗಿ ಮಗುವಿನ ಬದುಕನ್ನು ನಡೆಸುವುದು ಈ ಐಎ ಮೇಲೆ ಬರುವ ಆದೇಶಗಳೇ.

ಕಾನೂನು ಏನು ಹೇಳುತ್ತದೆ? 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಕೋರ್ಟಿನಲ್ಲಿ 'ಜಿ ಅಂಡ್ ಡಬ್ಲ್ಯು ಕೇಸ್' ಅನ್ನುವುದು ಇದನ್ನೇ. ಹಿಂದೂಗಳಿಗೆ ಇದರ ಜೊತೆಗೆ 1956ರ ಕಾಯ್ದೆ ಇದೆ. ಅದರ ಕಲಂ 6ರಲ್ಲಿ, ಐದು ವರ್ಷ ತುಂಬದ ಮಗು 'ಸಾಮಾನ್ಯವಾಗಿ' ತಾಯಿಯ ಬಳಿ ಇರಬೇಕು ಎಂದಿದೆ. ಆ 'ಸಾಮಾನ್ಯವಾಗಿ' ಎನ್ನುವ ಪದವನ್ನು ಮರೆಯಬೇಡಿ, ಅದು ಗ್ಯಾರಂಟಿ ಅಲ್ಲ. ಅದೇ ಕಾಯ್ದೆಯ ಕಲಂ 13 ಎಲ್ಲಕ್ಕಿಂತ ಮೇಲೆ ಮಗುವಿನ ಹಿತವನ್ನು ಇಡುತ್ತದೆ. ಅಪ್ಪ ಅಮ್ಮ ಮಾತ್ರವಲ್ಲ, ಅಜ್ಜ ಅಜ್ಜಿಯೂ ಕೇಳಬಹುದು. 2008ರ ಒಂದು ಪ್ರಕರಣದಲ್ಲಿ ತಾಯಿ ತೀರಿಕೊಂಡಿದ್ದಳು, ಆ ಸಾವಿನ ಬಗ್ಗೆ ತಂದೆಯ ಮೇಲೆ ಕ್ರಿಮಿನಲ್ ಕೇಸು ಇತ್ತು. ಅದನ್ನೂ ಮಗುವಿನ ಇಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಕೆಳಗಿನ ಕೋರ್ಟುಗಳು ತಪ್ಪು ಮಾಡಿವೆ ಎಂದು ಹೇಳಿ ಸುಪ್ರೀಂ ಕೋರ್ಟ್ ಮಗುವನ್ನು ತಾಯಿಯ ತಂದೆ ತಾಯಿಗೆ ಒಪ್ಪಿಸಿತು.

ಹಂತ 1: ಇವತ್ತೇ ಅಪಾಯ ಇದೆಯಾ? ಹಾಗಾದರೆ ಕೇಸಿನ ಯೋಚನೆ ಬಿಡಿ

ಮಗುವಿಗೆ ಈಗಲೇ ಹೊಡೆತ ಬೀಳುತ್ತಿದ್ದರೆ, ಯಾರಾದರೂ ಎಳೆದುಕೊಂಡು ಹೋಗುತ್ತಿದ್ದರೆ 112ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ 1098. ಮಹಿಳೆಯರಿಗೆ 181. ಮನೆ ಬಿಟ್ಟು ಬರುವ ಪರಿಸ್ಥಿತಿ ಇದ್ದರೆ ಜಿಲ್ಲೆಯ ಸಖಿ ಕೇಂದ್ರದಲ್ಲಿ ತಾತ್ಕಾಲಿಕವಾಗಿ ಉಳಿಯಲು ಜಾಗ, ಆಸ್ಪತ್ರೆ, ಪೊಲೀಸ್, ವಕೀಲರ ಸಹಾಯ ಒಂದೇ ಕಡೆ ಸಿಗುತ್ತದೆ.

ಲೈಂಗಿಕ ದೌರ್ಜನ್ಯದ ಅನುಮಾನ ಇದ್ದರೆ ದಾರಿ ಬೇರೆ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮನೆಯವರಾದರೂ ಅಷ್ಟೇ. ಮಗುವಿನ ಹೇಳಿಕೆಯನ್ನು ಮಗು ಇರುವ ಮನೆಯಲ್ಲೇ ಅಥವಾ ಅದಕ್ಕೆ ಇಷ್ಟವಾದ ಜಾಗದಲ್ಲಿ ಪಡೆಯಬೇಕು. ಆದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು, ಸಮವಸ್ತ್ರದಲ್ಲಿ ಬರಬಾರದು. ಹೆಣ್ಣು ಮಗುವಾದರೆ ವೈದ್ಯಕೀಯ ಪರೀಕ್ಷೆಯನ್ನು ಮಹಿಳಾ ವೈದ್ಯರೇ ಮಾಡಬೇಕು. ಇವನ್ನು ನೀವು ಧೈರ್ಯವಾಗಿ ಕೇಳಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಮಗು ಒಂದು ಮಾತು ಹೇಳಿದ ಕೂಡಲೇ ಅಮ್ಮ ಕೇಳುತ್ತಾಳೆ, ಆಮೇಲೆ ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯವರು, ಕೊನೆಗೆ ಮಾವ ಫೋನ್ ಹಿಡಿದು ವಿಡಿಯೋ ಮಾಡುತ್ತಾನೆ. ಆರನೇ ಸಲ ಕೇಳುವ ಹೊತ್ತಿಗೆ ಮಗು ದೊಡ್ಡವರಿಗೆ ಬೇಕಾದ ಉತ್ತರ ಕೊಡಲು ಶುರು ಮಾಡಿರುತ್ತದೆ. ಮಗುವಿಗೆ ನೋವು, ಕೇಸಿಗೂ ನಷ್ಟ. ಒಂದು ಸಲ ಕೇಳಿಸಿಕೊಳ್ಳಿ. "ನೀನು ಹೇಳಿದ್ದು ಒಳ್ಳೇದಾಯ್ತು, ನಿನ್ನ ತಪ್ಪಿಲ್ಲ" ಅನ್ನಿ. ಮಗು ಬಳಸಿದ ಪದಗಳನ್ನೇ ಬರೆದಿಡಿ. ಉಳಿದದ್ದನ್ನು ತರಬೇತಿ ಇರುವವರು ಕೇಳಲಿ.

ಇನ್ನೊಂದು ಎಚ್ಚರಿಕೆಯನ್ನೂ ನೇರವಾಗಿ ಹೇಳುತ್ತೇನೆ. ಕಸ್ಟಡಿ ಗೆಲ್ಲಲು ಪೋಕ್ಸೊ ಹಾಕಿ ಎಂದು ಯಾರಾದರೂ ಸಲಹೆ ಕೊಟ್ಟರೆ ಅವರಿಂದ ದೂರ ಇರಿ. ಬೇಕೆಂದೇ ಸುಳ್ಳು ದೂರು ಕೊಟ್ಟರೆ ಶಿಕ್ಷೆ ಇದೆ. ಅದಕ್ಕಿಂತ ಹೆಚ್ಚಾಗಿ, ಆಗದೇ ಇದ್ದದ್ದನ್ನು ಆಯಿತು ಎಂದು ಮಗುವಿನ ಬಾಯಲ್ಲಿ ಹೇಳಿಸುವುದೂ ಆ ಮಗುವಿಗೆ ಮಾಡುವ ಹಿಂಸೆಯೇ.

ಹಂತ 2: ಬರೆದಿಡಿ, ದಿನಾಂಕ ಹಾಕಿ ಬರೆದಿಡಿ

ಒಂದು ಮಾಮೂಲಿ ನೋಟ್‌ಬುಕ್ ಸಾಕು. ಹೀಗಿರಲಿ:

"ಮಾರ್ಚ್ 9, ಭಾನುವಾರ. ಬೆಳಿಗ್ಗೆ 10ಕ್ಕೆ ಕರೆದುಕೊಂಡು ಹೋದರು. ಸಂಜೆ 6ಕ್ಕೆ ಬಿಡಬೇಕಿತ್ತು, 8.20ಕ್ಕೆ ಬಿಟ್ಟರು. ಎಡ ತೋಳಿನ ಮೇಲೆ ನಾಲ್ಕು ಬೆರಳಿನ ಗುರುತು. ಏನಾಯ್ತು ಅಂದಿದ್ದಕ್ಕೆ 'ಹಾಲು ಚೆಲ್ಲಿಬಿಟ್ಟೆ' ಅಂದಳು. ಬೇರೆ ಏನೂ ಹೇಳಲಿಲ್ಲ. 9.10ಕ್ಕೆ ಫೋಟೋ ತೆಗೆದೆ. ಸೋಮವಾರ ಬೆಳಿಗ್ಗೆ ಆಸ್ಪತ್ರೆ, ಓಪಿಡಿ ಚೀಟಿ ಇದೆ."

ಇದರಲ್ಲಿ ಬೈಗುಳ ಇಲ್ಲ. 'ಆ ರಾಕ್ಷಸ' ಎನ್ನುವ ಮಾತಿಲ್ಲ. ಕಂಡದ್ದು, ಕೇಳಿದ್ದು, ಮಾಡಿದ್ದು, ಅಷ್ಟೇ. ನಾಲ್ಕು ತಿಂಗಳು ಹೀಗೆ ಬರೆದ ಪುಸ್ತಕದ ಮುಂದೆ ಹತ್ತು ಪುಟದ ಕೋಪದ ಅಫಿಡವಿಟ್ ನಿಲ್ಲುವುದಿಲ್ಲ. ಆಯಾ ದಿನವೇ ಬರೆಯಿರಿ, ಒಂದೇ ಕೂತಿಗೆ ಒಂದೇ ಪೆನ್ನಿನಲ್ಲಿ ಹಳೆಯದನ್ನೆಲ್ಲ ತುಂಬಿಸಬೇಡಿ, ಅದು ನೋಡಿದ ಕೂಡಲೇ ಗೊತ್ತಾಗುತ್ತದೆ. ಚೆನ್ನಾಗಿ ನಡೆದ ಭೇಟಿಯನ್ನೂ ಬರೆಯಿರಿ. "ಈ ಸಲ ಖುಷಿಯಾಗಿ ಬಂದ, ಬಣ್ಣದ ಪೆನ್ಸಿಲ್ ಕೊಡಿಸಿದ್ದಾರೆ" ಎಂದು ಒಂದು ಕಡೆ ಇದ್ದರೆ ಉಳಿದ ಕಡೆ ಬರೆದದ್ದನ್ನು ನಂಬಲು ಕಾರಣ ಸಿಗುತ್ತದೆ.

ಫೋಟೋ, ಮೆಸೇಜ್, ಕಾಲ್ ರೆಕಾರ್ಡ್ ಇದ್ದರೆ ಮೂಲ ಫೋನಿನಲ್ಲೇ ಉಳಿಸಿ. ಫೋಟೋ ಕ್ರಾಪ್ ಮಾಡುವುದು, ಮೇಲೆ ಬಾಣ ಬರೆಯುವುದು ಬೇಡ. ಫೋನ್ ಎಕ್ಸ್‌ಚೇಂಜ್‌ಗೆ ಕೊಡಬೇಡಿ. ಇಂಥ ದಾಖಲೆಗಳ ಜೊತೆ ಕೋರ್ಟಿಗೆ ಒಂದು ಪ್ರಮಾಣಪತ್ರ ಕೊಡಬೇಕಾಗುತ್ತದೆ, ಈಗಿನ 2023ರ ಸಾಕ್ಷ್ಯ ಕಾನೂನಿನ ಕಲಂ 63ರ ಕೆಳಗೆ. ಅದನ್ನು ವಕೀಲರು ತಯಾರು ಮಾಡುತ್ತಾರೆ, ನೀವು ಕೇಳಿ ಮಾಡಿಸಿಕೊಳ್ಳಿ. ವಾಟ್ಸ್ಆ್ಯಪ್ ಗ್ರೂಪಿಗೆ, ಫೇಸ್‌ಬುಕ್ಕಿಗೆ ಮಗುವಿನ ಗಾಯದ ಫೋಟೋ ಹಾಕಲೇಬೇಡಿ. ಮಗು ದೊಡ್ಡದಾದ ಮೇಲೂ ಅದು ಎಲ್ಲೋ ಒಂದು ಕಡೆ ಉಳಿದಿರುತ್ತದೆ.

ಹಂತ 3: ವೈದ್ಯರು ಮತ್ತು ಶಾಲೆ

ಗಾಯ ಇದ್ದರೆ ಆವತ್ತೇ ಅಥವಾ ಮರುದಿನವೇ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಯಾದರೆ ಒಳ್ಳೆಯದು. ಯಾರೋ ಹೊಡೆದದ್ದು ಎಂದು ಹೇಳಿದರೆ ಎಂಎಲ್‌ಸಿ ಮಾಡುತ್ತಾರೆ, ಅಂದರೆ ಪೊಲೀಸರಿಗೂ ಮಾಹಿತಿ ಹೋಗುವ ಗಾಯದ ದಾಖಲೆ. ಮನೆಮಾತು ಹೊರಗೆ ಹೋಗಬಾರದೆಂದು 'ಬಿದ್ದು ಗಾಯ ಆಯ್ತು' ಎಂದು ಬರೆಸಿಬಿಡುತ್ತಾರೆ ಎಷ್ಟೋ ಜನ. ಎರಡು ವರ್ಷ ಆದ ಮೇಲೆ ಅದೇ ಚೀಟಿಯನ್ನು ಎದುರು ಪಕ್ಷದ ವಕೀಲರು ತೋರಿಸುತ್ತಾರೆ.

ಮನಸ್ಸಿಗೆ ಆದ ಪೆಟ್ಟು ಕಣ್ಣಿಗೆ ಕಾಣುವುದಿಲ್ಲ. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಬಹುದು. ಶನಿವಾರ ರಾತ್ರಿ ಬಂದರೆ ಹೊಟ್ಟೆನೋವು. ಬಾಗಿಲ ಬೆಲ್ ಆದರೆ ಮಂಚದ ಕೆಳಗೆ ಹೋಗುವುದು. ಆದರೆ ಒಂದು ವಿಷಯ: ಇವೆಲ್ಲ ಅಪ್ಪ ಅಮ್ಮ ಬೇರೆ ಆದ ದುಃಖಕ್ಕೂ ಬರುತ್ತವೆ. ಕಾರಣವನ್ನು ನೀವೇ ತೀರ್ಮಾನಿಸಿ ಅರ್ಜಿಯಲ್ಲಿ ಬರೆಯಬೇಡಿ, ಮಕ್ಕಳ ಮನೋವೈದ್ಯರು ನೋಡಿ ಹೇಳಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಜಿಲ್ಲಾಸ್ಪತ್ರೆಯಲ್ಲೂ ಮನೋವೈದ್ಯರು ಸಿಗುತ್ತಾರೆ. ಮೊದಲು ಸುಮ್ನೆ ಮಾತಾಡಿ ನೋಡಬೇಕು ಅನಿಸಿದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ವೈದ್ಯರಿಗೆ "ಕೋರ್ಟಿಗೆ ಒಂದು ಲೆಟರ್ ಬೇಕು" ಎಂದು ಶುರು ಮಾಡಬೇಡಿ. ಮಗುವಿನ ಚಿಕಿತ್ಸೆಗೆ ಹೋಗಿ, ದಾಖಲೆ ತಾನಾಗಿ ಆಗುತ್ತದೆ.

ಶಾಲೆಯಲ್ಲಿ ಕ್ಲಾಸ್ ಟೀಚರ್‌ಗೆ, ಸಣ್ಣ ಮಗುವಾದರೆ ಅಂಗನವಾಡಿ ಕಾರ್ಯಕರ್ತೆಗೆ ವಿಷಯ ತಿಳಿಸಿ. ದಿನಕ್ಕೆ ಐದಾರು ಗಂಟೆ ಮಗುವನ್ನು ನೋಡುವವರು ಅವರು, ಯಾರ ಕಡೆಯವರೂ ಅಲ್ಲ. ಫ್ಯಾಮಿಲಿ ಕೋರ್ಟಿಗೆ ಸಾಕ್ಷ್ಯದ ವಿಷಯದಲ್ಲಿ ಒಂದು ಸಡಿಲಿಕೆ ಇದೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ ಕಲಂ 14ರಂತೆ, ಬೇರೆ ಕೋರ್ಟಿನಲ್ಲಿ ತಾಂತ್ರಿಕ ಕಾರಣಕ್ಕೆ ಬಿದ್ದುಹೋಗಬಹುದಾದ ವರದಿ, ಹೇಳಿಕೆ, ಪತ್ರವನ್ನೂ ನ್ಯಾಯಾಧೀಶರು ಉಪಯೋಗ ಎನಿಸಿದರೆ ನೋಡಬಹುದು. ಹಾಗಾಗಿ ಟೀಚರ್ ಡೈರಿಯಲ್ಲಿ ಬರೆದ ಎರಡು ಸಾಲನ್ನೂ ಎಸೆಯಬೇಡಿ.

ಇದರ ಜೊತೆ ಇಟ್ಟುಕೊಳ್ಳಬೇಕಾದದ್ದು: ಜನನ ಪ್ರಮಾಣಪತ್ರ, ಮಗುವಿನ ಆಧಾರ್, ಫೀಸು ಕಟ್ಟಿದ ರಸೀದಿ, ಲಸಿಕೆ ದಾಖಲೆ ಇರುವ ತಾಯಿ ಕಾರ್ಡ್. ಇಂಜೆಕ್ಷನ್‌ಗೆ, ಪೇರೆಂಟ್ಸ್ ಮೀಟಿಂಗ್‌ಗೆ, ಜ್ವರ ಬಂದಾಗ ಆಸ್ಪತ್ರೆಗೆ ಯಾರು ಕರೆದುಕೊಂಡು ಹೋದರು ಎನ್ನುವುದು ಇಂಥ ಕಾಗದಗಳಿಂದಲೇ ಗೊತ್ತಾಗುವುದು.

ಹಂತ 4: ಯಾವ ಬಾಗಿಲು ತಟ್ಟಬೇಕು?

ಹೆಂಗಸಿನ ಮೇಲೂ ಮಗುವಿನ ಮೇಲೂ ಮನೆಯಲ್ಲಿ ಹಿಂಸೆ ಇದ್ದರೆ, ಬೇಗ ಸಿಗುವ ದಾರಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ, ಎಲ್ಲರೂ 'ಡಿವಿ ಕೇಸ್' ಅನ್ನುವುದು. ನಮ್ಮ ರಾಜ್ಯದಲ್ಲಿ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಇದರ ಸಂರಕ್ಷಣಾಧಿಕಾರಿ. ಅವರ ಕಚೇರಿಗೆ ಹೋದರೆ ಡಿಐಆರ್, ಅಂದರೆ ನಡೆದ ಹಿಂಸೆಯ ವರದಿ ತಯಾರಿಸಿ ಮ್ಯಾಜಿಸ್ಟ್ರೇಟ್‌ಗೆ ಕಳಿಸುತ್ತಾರೆ. ತವರಿಗೆ ಬಂದು ಇದ್ದರೆ ಅಲ್ಲಿಯೇ ಅರ್ಜಿ ಹಾಕಬಹುದು, ಗಂಡನ ಊರಿಗೆ ಅಲೆಯಬೇಕಿಲ್ಲ. ಈ ಕಾಯ್ದೆಯ ಕಲಂ 21 ನಿಮಗೆ ಬಾಯಿಪಾಠ ಇರಬೇಕು. ಮಗುವಿನ ತಾತ್ಕಾಲಿಕ ಕಸ್ಟಡಿ ಕೊಡಬಹುದು ಎನ್ನುವುದರ ಜೊತೆಗೆ, ಎದುರಿನವರ ಭೇಟಿಯಿಂದ ಮಗುವಿಗೆ ಹಾನಿ ಆಗಬಹುದು ಎಂದು ಮ್ಯಾಜಿಸ್ಟ್ರೇಟ್‌ಗೆ ಅನಿಸಿದರೆ ಆ ಭೇಟಿಗೆ ಅವಕಾಶ ಕೊಡಬಾರದು ಎಂದೇ ಅದರಲ್ಲಿದೆ. ತುರ್ತಾಗಿ ಬೇಕಿದ್ದರೆ ಕಲಂ 23ರ ಕೆಳಗೆ ಮಧ್ಯಂತರ ಆದೇಶ ಕೇಳಿ. ಬೈಗುಳ, ಅವಮಾನ, ಹೆದರಿಕೆಯೂ ಇಲ್ಲಿ ಹಿಂಸೆಯೇ, ಬರೀ ಹೊಡೆತ ಅಲ್ಲ.

ಕಸ್ಟಡಿ ಪೂರ್ತಿಯಾಗಿ ತೀರ್ಮಾನ ಆಗಬೇಕಿದ್ದರೆ ಫ್ಯಾಮಿಲಿ ಕೋರ್ಟ್. ಬೆಂಗಳೂರಿನಲ್ಲಿ ಅದು ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ಫ್ಯಾಮಿಲಿ ಕೋರ್ಟ್ ಇಲ್ಲದ ಕಡೆ ಜಿಲ್ಲಾ ನ್ಯಾಯಾಲಯ. ಮಗು ಸಾಮಾನ್ಯವಾಗಿ ಎಲ್ಲಿ ವಾಸ ಇದೆಯೋ ಅಲ್ಲಿಯ ಕೋರ್ಟಿನಲ್ಲೇ ಜಿ ಅಂಡ್ ಡಬ್ಲ್ಯು ಅರ್ಜಿ ಹಾಕಬೇಕು. ವಿಚ್ಛೇದನದ ಕೇಸು ಆಗಲೇ ನಡೆಯುತ್ತಿದ್ದರೆ ಅದರಲ್ಲೇ ಐಎ ಹಾಕಬಹುದು.

ಗಂಡಸರಿಗೆ ಡಿವಿ ಕಾಯ್ದೆಯಲ್ಲಿ ಅರ್ಜಿ ಹಾಕಲು ಆಗುವುದಿಲ್ಲ. ಅಮ್ಮನ ಮನೆಯಲ್ಲೋ ಮಲತಂದೆಯಿಂದಲೋ ಮಗುವಿಗೆ ತೊಂದರೆ ಆಗುತ್ತಿದೆ ಅನ್ನುವ ತಂದೆಯರು ಕೈಕಟ್ಟಿ ಕೂರಬೇಕಿಲ್ಲ. 1098, ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ, ಜೊತೆಗೆ ಫ್ಯಾಮಿಲಿ ಕೋರ್ಟಿನ ಅರ್ಜಿ, ಈ ಮೂರೂ ಅವರಿಗೆ ಇವೆ. 2015ರ ಬಾಲನ್ಯಾಯ ಕಾಯ್ದೆಯ ಕಲಂ 75 ಮಗುವಿನ ಮೇಲಿನ ಕ್ರೌರ್ಯಕ್ಕೆ ಶಿಕ್ಷೆ ಹೇಳುತ್ತದೆ, ಮಾಡಿದವರು ಗಂಡಸೋ ಹೆಂಗಸೋ ನೋಡುವುದಿಲ್ಲ. ಆದರೆ ಕಲ್ಯಾಣ ಸಮಿತಿ ಇರುವುದು ಮಗುವಿನ ರಕ್ಷಣೆಗೆ. ಗಂಡ ಹೆಂಡತಿ ಜಗಳದಲ್ಲಿ ಕಸ್ಟಡಿ ಯಾರಿಗೆ ಎಂದು ತೀರ್ಮಾನಿಸುವ ಜಾಗ ಅದಲ್ಲ. ಆ ಆಸೆಯಿಂದ ಹೋದರೆ ತಿಂಗಳುಗಳು ಹಾಳು.

ಹಂತ 5: ವಕೀಲರಿಗೆ ದುಡ್ಡಿಲ್ಲ ಅಂದರೆ

ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಇದು 1987ರ ಕಾನೂನಿನಲ್ಲೇ ಇದೆ, ಯಾರೂ ಉಪಕಾರ ಮಾಡುತ್ತಿಲ್ಲ. ಪ್ರತಿ ಜಿಲ್ಲಾ ಕೋರ್ಟಿನ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ತಾಲ್ಲೂಕಿನಲ್ಲಿ ಅದರ ಸಮಿತಿ ಇರುತ್ತದೆ. ಸಹಾಯವಾಣಿ 15100. ಕೊಟ್ಟ ವಕೀಲರು ಸರಿಯಾಗಿ ಬರುತ್ತಿಲ್ಲ ಅಂದರೆ ಬದಲಿಸಿ ಎಂದು ಬರೆದುಕೊಡಿ.

ಹಂತ 6: ಅರ್ಜಿಯಲ್ಲಿ ಏನು ಕೇಳಬೇಕು

ಜಾಸ್ತಿ ಜನ ಸೋಲುವುದು ಇಲ್ಲಿ. "ಕಸ್ಟಡಿ ನನಗೆ ಕೊಡಿ, ಅವರಿಗೆ ಮುಖ ತೋರಿಸಬಾರದು" ಎಂದು ಕೇಳುತ್ತಾರೆ. ಮಗುವಿಗೆ ಇಬ್ಬರ ಪ್ರೀತಿಯೂ ಬೇಕು ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ, ಹಾಗಾಗಿ ಪೂರ್ತಿ ಭೇಟಿ ನಿಲ್ಲಿಸಲು ಗಟ್ಟಿಯಾದ ಕಾರಣ ಬೇಕು. ಅಂಥ ಕಾರಣ ಇದ್ದರೆ ಧಾರಾಳವಾಗಿ ಕೇಳಿ. ಜೊತೆಗೆ, ಅದು ಸಿಗದಿದ್ದರೆ ಭೇಟಿ ಹೇಗೆ ಸುರಕ್ಷಿತವಾಗಿ ನಡೆಯಬೇಕು ಎನ್ನುವುದನ್ನೂ ಅದೇ ಅರ್ಜಿಯಲ್ಲಿ ಬರೆಯಿರಿ. ನೀವು ಬರೆಯದಿದ್ದರೆ 'ಪ್ರತಿ ಭಾನುವಾರ 10ರಿಂದ 6' ಎನ್ನುವ ಮಾಮೂಲಿ ಆದೇಶ ಬರುತ್ತದೆ.

ಏನೇನು ಕೇಳಬಹುದು? ಭೇಟಿ ಮೂರನೆಯವರೊಬ್ಬರ ಎದುರಿಗೇ ನಡೆಯಲಿ. ಅದು ಕೋರ್ಟಿನ ಮಕ್ಕಳ ಕೋಣೆ ಆಗಬಹುದು, ಮಧ್ಯಸ್ಥಿಕೆ ಕೇಂದ್ರ ಆಗಬಹುದು, ಇಬ್ಬರೂ ಒಪ್ಪುವ ಒಬ್ಬ ಹಿರಿಯರ ಮನೆ ಆಗಬಹುದು. ಮೊದಲು ಒಂದು ಗಂಟೆ, ಮಗು ಹೊಂದಿಕೊಂಡರೆ ಎರಡು, ರಾತ್ರಿ ಉಳಿಯುವುದು ಸದ್ಯಕ್ಕೆ ಬೇಡ. ಕುಡಿತದ ತೊಂದರೆ ಇದ್ದರೆ ಭೇಟಿಯ ದಿನ ಕುಡಿದು ಬರಬಾರದು, ಬಂದರೆ ಆ ದಿನದ ಭೇಟಿ ಇಲ್ಲ. ಮಗುವನ್ನು ಬೈಕಿನಲ್ಲಿ ಒಬ್ಬರೇ ಕರೆದೊಯ್ಯಬಾರದು. ಹೊಡೆದವರು ಅಪ್ಪ ಅಲ್ಲ, ಆ ಮನೆಯ ಚಿಕ್ಕಪ್ಪ ಅಂದುಕೊಳ್ಳಿ, ಆಗ ಭೇಟಿಯ ಹೊತ್ತಿನಲ್ಲಿ ಆ ವ್ಯಕ್ತಿ ಅಲ್ಲಿರಬಾರದು ಎಂದು ಸ್ಪಷ್ಟವಾಗಿ ಬರೆಸಿ. ಮಗುವನ್ನು ಕೊಡುವ, ಕರೆತರುವ ಜಾಗ ನಿಮ್ಮ ಮನೆಯ ಗೇಟು ಬೇಡ, ಅಲ್ಲೇ ಜಗಳ ಶುರುವಾಗುವುದು. ಶಾಲೆಯ ಆವರಣವೋ, ಜನ ಓಡಾಡುವ ದೇವಸ್ಥಾನದ ಮುಂದೆಯೋ ಇರಲಿ. ಕೋರ್ಟಿನ ಅನುಮತಿ ಇಲ್ಲದೆ ಊರಿಂದ, ದೇಶದಿಂದ ಹೊರಗೆ ಕರೆದೊಯ್ಯಬಾರದು, ಪಾಸ್‌ಪೋರ್ಟ್ ಕೋರ್ಟಿನಲ್ಲಿ ಇರಲಿ.

ಇನ್ನೆರಡು ಬೇಡಿಕೆ ತುಂಬಾ ಜನಕ್ಕೆ ಗೊತ್ತಿಲ್ಲ. ಕಲಂ 11ರ ಕೆಳಗೆ, ನೀವು ಕೇಳಿದರೆ ವಿಚಾರಣೆಯನ್ನು ಬಾಗಿಲು ಹಾಕಿಕೊಂಡೇ ನಡೆಸಬೇಕು. ಮಗುವಿನ ವಿಷಯ ತುಂಬಿದ ಕೋರ್ಟ್ ಹಾಲಿನಲ್ಲಿ ಓದುವುದು ಬೇಡ ಎಂದು ಒಂದು ಮೆಮೊ ಹಾಕಿ. ಕಲಂ 12ರ ಕೆಳಗೆ ಕೋರ್ಟ್ ತಜ್ಞರ ಸಹಾಯ ಪಡೆಯಬಹುದು. ಮಗುವನ್ನೂ ಇಬ್ಬರು ಪೋಷಕರನ್ನೂ ಮನಶ್ಶಾಸ್ತ್ರಜ್ಞರು ನೋಡಿ ವರದಿ ಕೊಡಲಿ ಎಂದು ಐಎ ಹಾಕಿ. ಎರಡೂ ಫ್ಯಾಮಿಲಿ ಕೋರ್ಟ್ ಕಾಯ್ದೆಯಲ್ಲೇ ಇರುವ ಅವಕಾಶ.

ಹಂತ 7: ಮಧ್ಯಸ್ಥಿಕೆಯಲ್ಲಿ ಕೂತಾಗ

ಫ್ಯಾಮಿಲಿ ಕೋರ್ಟ್ ಮೊದಲು ರಾಜಿಗೆ ಪ್ರಯತ್ನಿಸುತ್ತದೆ, ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುತ್ತದೆ. ಎದುರು ಕೂರಲು ಭಯ ಆದರೆ ಬೇರೆ ಬೇರೆ ಕೋಣೆಯಲ್ಲಿ ಮಾತಾಡುತ್ತೇನೆ ಎಂದು ಹೇಳಿ, ಅದಕ್ಕೆ ನಾಚಿಕೆ ಬೇಡ. ಇಲ್ಲಿ ನಡೆಯುವ ದೊಡ್ಡ ಅನ್ಯಾಯ ಎಂದರೆ ಚೌಕಾಸಿ: "ಜೀವನಾಂಶ ಬಿಟ್ಟುಬಿಡು, ಮಗು ನಿನಗೇ ಇರಲಿ." ಬೇಗ ಮುಗಿದರೆ ಸಾಕು ಎಂದು ಸಹಿ ಹಾಕಿಬಿಡುತ್ತಾರೆ. ಜೀವನಾಂಶದಲ್ಲಿ ಮಗುವಿನ ಪಾಲು ಮಗುವಿನದ್ದು, ಅದನ್ನು ಬಿಟ್ಟುಕೊಡಲು ನೀವು ಯಾರೂ ಅಲ್ಲ. ಒಪ್ಪಂದದಲ್ಲಿ 'ಪರಸ್ಪರ ಅನುಕೂಲದಂತೆ ಭೇಟಿ' ಎನ್ನುವ ಸಾಲು ಕಂಡರೆ ನಿಲ್ಲಿಸಿ. ದಿನ, ಗಂಟೆ, ಜಾಗ, ಯಾರಿರುತ್ತಾರೆ, ಹಬ್ಬ ಮತ್ತು ಬೇಸಿಗೆ ರಜೆ ಹೇಗೆ, ಎಲ್ಲ ಬರೆಸಿ. ಹೊಡೆದಾಟ ಇದ್ದ ಮನೆಯಲ್ಲಿ ಅನುಕೂಲ ಯಾವಾಗಲೂ ಬಲ ಇದ್ದವರದ್ದೇ ಆಗುತ್ತದೆ.

ಹಂತ 8: ನ್ಯಾಯಾಧೀಶರು ಮಗುವನ್ನು ಕರೆದರೆ

ತಿಳಿದು ಹೇಳುವಷ್ಟು ದೊಡ್ಡದಾದ ಮಗುವಿನ ಇಷ್ಟವನ್ನು ಕೋರ್ಟ್ ಪರಿಗಣಿಸಬಹುದು. ಇಷ್ಟೇ ವಯಸ್ಸು ಎಂದು ಕಾನೂನಿನಲ್ಲಿಲ್ಲ. ಸಾಮಾನ್ಯವಾಗಿ ಚೇಂಬರಿನಲ್ಲಿ, ನೀವಿಬ್ಬರೂ ಇಲ್ಲದೆ ಮಾತಾಡಿಸುತ್ತಾರೆ.

ಹಿಂದಿನ ರಾತ್ರಿ ಪಾಠ ಹೇಳಿಕೊಡಬೇಡಿ. "ಅಪ್ಪ ಬೇಡ ಅನ್ನು" ಎಂದು ಕಲಿಸಿದ ಮಗು ಮೊದಲ ನಿಮಿಷದಲ್ಲೇ ಅದನ್ನು ಒಪ್ಪಿಸಿಬಿಡುತ್ತದೆ, ಎರಡನೇ ಪ್ರಶ್ನೆಗೆ ಸುಮ್ಮನಾಗುತ್ತದೆ. ದಿನಾ ಹತ್ತಾರು ಮಕ್ಕಳನ್ನು ನೋಡಿದವರಿಗೆ ಅದು ಗೊತ್ತಾಗದೇ ಇರುತ್ತದಾ? ಒಬ್ಬ ಪೋಷಕರ ಬಗ್ಗೆ ಮಗುವಿನ ಮನಸ್ಸು ಕೆಡಿಸುವುದನ್ನು ಸುಪ್ರೀಂ ಕೋರ್ಟ್ 2017ರ ಒಂದು ತೀರ್ಪಿನಲ್ಲಿ ಗಂಭೀರವಾಗಿ ನೋಡಿದೆ. ಅಂಥ ಅನುಮಾನ ಒಮ್ಮೆ ಬಂದರೆ, ನಿಜವಾದ ಹೊಡೆತದ ಬಗ್ಗೆ ನೀವು ಹೇಳಿದ್ದನ್ನೂ ನಂಬದೇ ಹೋಗಬಹುದು. ಮಗುವಿಗೆ ಇಷ್ಟು ಹೇಳಿದರೆ ಸಾಕು: "ನಾಳೆ ಒಬ್ಬರು ದೊಡ್ಡವರು ನಿನ್ನ ಜೊತೆ ಮಾತಾಡ್ತಾರೆ. ನಿನಗೆ ಏನು ಅನಿಸುತ್ತೋ ಅದನ್ನ ಹೇಳು. ಗೊತ್ತಿಲ್ಲ ಅಂತಾನೂ ಹೇಳಬಹುದು. ಯಾರನ್ನ ಆರಿಸಬೇಕು ಅನ್ನೋದು ನಿನ್ನ ಕೆಲಸ ಅಲ್ಲ." ಹೊಟ್ಟೆಗೆ ತಿಂಡಿ ಕೊಟ್ಟು ಕರೆದುಕೊಂಡು ಹೋಗಿ, ಕಾಯುವುದು ಮಧ್ಯಾಹ್ನದವರೆಗೂ ಆಗುತ್ತದೆ. ಹೊರಗೆ ಬಂದ ಮೇಲೆ "ಏನು ಕೇಳಿದ್ರು, ಏನಂದೆ?" ಎಂದು ಕೇಳಬೇಡಿ.

ಹಂತ 9: ಭೇಟಿಯ ಆದೇಶ ಇದೆ, ಕಳಿಸಲು ಭಯ

ಸುಮ್ಮನೆ ಕಳಿಸುವುದು ನಿಲ್ಲಿಸಿಬಿಟ್ಟರೆ ನೀವು ಆದೇಶ ಮೀರಿದವರಾಗುತ್ತೀರಿ, ಎದುರಿನವರು ಅದನ್ನೇ ಹಿಡಿದುಕೊಳ್ಳುತ್ತಾರೆ. ಬರೀ ಅನುಮಾನ, ಅಸಮಾಧಾನ ಇದ್ದರೆ ಕಳಿಸಿ, ಡೈರಿ ಬರೆಯಿರಿ, ಆದೇಶ ಬದಲಿಸಲು ಐಎ ಹಾಕಿ. ಆದರೆ ಕಳೆದ ಭೇಟಿಯಲ್ಲಿ ಗಾಯ ಆಗಿದ್ದು ಈ ಸಲವೂ ಆಗುವ ಹೆದರಿಕೆ ಇದ್ದರೆ, ಎದುರಿನವರು ಕುಡಿದು ಬಂದು ನಿಂತಿದ್ದರೆ, ಮಗುವಿನ ಜೀವ ಮೊದಲು. ಕಳಿಸಬೇಡಿ. ಅದೇ ದಿನ 112 ಅಥವಾ 1098ಕ್ಕೆ ತಿಳಿಸಿ, ದೂರಿಗೆ ಠಾಣೆಯಿಂದ ಹಿಂಬರಹ ಪಡೆಯಿರಿ, ಕೋರ್ಟ್ ತೆರೆದ ಮೊದಲ ದಿನವೇ ಏಕೆ ಕಳಿಸಲಿಲ್ಲ ಎಂದು ಬರೆದು ಅರ್ಜಿ ಹಾಕಿ. ತಡ ಮಾಡಿದರೆ ಕಾರಣ ನಿಜವಾಗಿದ್ದರೂ ನೆಪದಂತೆ ಕಾಣುತ್ತದೆ.

ನಿಮ್ಮ ಮೇಲೆಯೇ ಆರೋಪ ಬಂದಿದ್ದು, ಅದು ಸುಳ್ಳು ಅನ್ನುವವರಾದರೆ ನಿಮಗೂ ಒಂದು ಮಾತು. ಮೂರನೆಯವರ ಎದುರಿನ ಭೇಟಿಯನ್ನು ಅವಮಾನ ಎಂದು ನಿರಾಕರಿಸಬೇಡಿ. ಒಂದನ್ನೂ ತಪ್ಪಿಸದೆ, ಸಮಯಕ್ಕೆ ಸರಿಯಾಗಿ ಹೋಗಿ. ಅಲ್ಲಿ ಅಮ್ಮನ ಬಗ್ಗೆಯಾಗಲಿ ಕೇಸಿನ ಬಗ್ಗೆಯಾಗಲಿ ಮಗುವನ್ನು ಕೇಳಬೇಡಿ, ಅದು ಇಷ್ಟಪಡುವ ಪುಸ್ತಕ, ಆಟದ ಸಾಮಾನು ತೆಗೆದುಕೊಂಡು ಹೋಗಿ ಜೊತೆಗೆ ನೆಲದ ಮೇಲೆ ಕೂರಿ. ಆರು ತಿಂಗಳ ಇಂಥ ಭೇಟಿಗಳ ದಾಖಲೆಯೇ ನಿಮ್ಮ ದೊಡ್ಡ ಸಾಕ್ಷಿ.

ಹೊರದೇಶದಲ್ಲಿರುವ ನಮ್ಮವರಿಗೆ

ಮಗುವನ್ನು ಕರೆದುಕೊಂಡು ಊರಿಗೆ ಬಂದುಬಿಡಲಾ ಎಂದು ಅಮೆರಿಕ, ಇಂಗ್ಲೆಂಡಿನಿಂದ ಕೇಳುತ್ತಾರೆ. ಮಕ್ಕಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಕರೆದೊಯ್ಯುವ ಬಗೆಗಿನ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಅಲ್ಲಿಯ ಕೋರ್ಟಿನ ಆದೇಶ ಇಲ್ಲಿ ಲೆಕ್ಕಕ್ಕೆ ಬರುವ ಒಂದು ಅಂಶ ಮಾತ್ರ, ಮಗುವಿನ ಹಿತವೇ ಮೊದಲು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಹಾಗೆಂದು ಧೈರ್ಯ ಮಾಡಿ ಟಿಕೆಟ್ ಬುಕ್ ಮಾಡಬೇಡಿ. ಆ ದೇಶದಲ್ಲಿ ಅದು ಅಪರಾಧ ಆಗಬಹುದು, ಮತ್ತೆ ಅಲ್ಲಿ ಕಾಲಿಡಲು ಆಗದೇ ಹೋಗಬಹುದು. ಹಿಂಸೆ ಇದ್ದರೆ ಮೊದಲು ಅಲ್ಲಿಯೇ ದೂರು, ಅಲ್ಲಿಯೇ ವೈದ್ಯರ ದಾಖಲೆ, ಅಲ್ಲಿಯ ವಕೀಲರ ಮಾತು.

ಹಂತ 10: ಆದೇಶ ಕೈಗೆ ಬಂದ ಮೇಲೆ

ಪ್ರಮಾಣೀಕೃತ ನಕಲು, ಅಂದರೆ ಕೋರ್ಟಿನ ಮೊಹರು ಇರುವ ಪ್ರತಿಗೆ ಅರ್ಜಿ ಆವತ್ತೇ ಹಾಕಿ. ಒಂದು ಜೆರಾಕ್ಸ್ ಶಾಲೆಯ ಮುಖ್ಯ ಶಿಕ್ಷಕರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಮಗುವನ್ನು ಕರೆದೊಯ್ಯಲು ಯಾರಿಗೆ ಅನುಮತಿ ಇದೆ ಎಂದು ಬರೆದುಕೊಡಿ. ಗೇಟಿನಲ್ಲಿ ಕೂರುವ ವಾಚ್‌ಮನ್‌ಗೂ, ಸ್ಕೂಲ್ ವ್ಯಾನಿನ ಡ್ರೈವರ್‌ಗೂ ಗೊತ್ತಿರಲಿ. ಇನ್ನೊಂದು ಪ್ರತಿ ಹತ್ತಿರದ ಠಾಣೆಗೆ. ಡಿವಿ ಕಾಯ್ದೆಯ ರಕ್ಷಣಾ ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇದೆ, ಠಾಣೆಯಲ್ಲಿ 'ಇದು ಸಂಸಾರದ ವಿಷಯ' ಎಂದರೆ ಕಲಂ 31 ಎಂದು ಹೇಳಿ.

ಫ್ಯಾಮಿಲಿ ಕೋರ್ಟಿನ ಅಂತಿಮ ತೀರ್ಪು ಸರಿ ಕಾಣದಿದ್ದರೆ ಹೈಕೋರ್ಟಿಗೆ ಮೇಲ್ಮನವಿ ಹಾಕಬಹುದು, ಬೆಂಗಳೂರಿನ ಜೊತೆಗೆ ಧಾರವಾಡ ಮತ್ತು ಕಲಬುರಗಿಯಲ್ಲೂ ಪೀಠ ಇದೆ. ಗಡುವು 30 ದಿನ ಎಂದೇ ಇಟ್ಟುಕೊಳ್ಳಿ. ಮಧ್ಯಂತರ ಆದೇಶಕ್ಕೆ ಮೇಲ್ಮನವಿ ಇಲ್ಲ, ರಿಟ್ ಮೂಲಕ ಹೋಗಬೇಕು, ವಕೀಲರನ್ನು ಕೇಳಿ.

ಮೇಲ್ಮನವಿಯ ಗಡುವು ಕಳೆದುಹೋದರೂ ಬಾಗಿಲು ಮುಚ್ಚುವುದಿಲ್ಲ. ಕಸ್ಟಡಿ ಆದೇಶವನ್ನು ಮಗುವಿನ ಅಗತ್ಯಕ್ಕೆ ತಕ್ಕಂತೆ ಬದಲಿಸಬಹುದು ಎಂದು ಸುಪ್ರೀಂ ಕೋರ್ಟ್ 1973ರಲ್ಲೇ ಹೇಳಿದೆ. ಮೂರು ವರ್ಷದ ಮಗುವಿಗೆ ಮಾಡಿದ ಏರ್ಪಾಟು ಒಂಬತ್ತು ವರ್ಷದ ಮಗುವಿಗೆ ಸರಿಹೋಗದೇ ಇರಬಹುದು. ಭೇಟಿಗೆ ಹೋಗಿ ಬಂದ ಮಗು ಮಂಕಾಗಿದ್ದರೆ, ಮಾರ್ಕ್ಸ್ ಇದ್ದಕ್ಕಿದ್ದಂತೆ ಬಿದ್ದರೆ, ಹೊಸದಾಗಿ ಯಾರೋ ಆ ಮನೆಗೆ ಬಂದಿದ್ದರೆ ಹಂತ 2ಕ್ಕೆ ವಾಪಸ್ ಹೋಗಿ. ಅದಕ್ಕೇ ಆ ನೋಟ್‌ಬುಕ್ಕನ್ನು ಕೇಸು ಮುಗಿಯಿತು ಎಂದು ರದ್ದಿಗೆ ಹಾಕಬೇಡಿ, ಮಗುವಿಗೆ 18 ತುಂಬುವವರೆಗೂ ಬೀರುವಿನಲ್ಲಿ ಇರಲಿ.